ದೋಣಿ ಎಂಜಿನ್ನಿಗೆ ಹೊಂದುವ ಫಿಲ್ಟರ್

ನನ್ನ ಗಂಡ ಹಡಗಲಿ ಕಡೆಯ ನದಿ ದಂಡೆಯಲ್ಲಿ ಮೋಟಾರು ದೋಣಿ ನಡೆಸುತ್ತಾರೆ. ಮಲ್ಲಿಗೆ ಬುಟ್ಟಿಯವರು, ಸಂತೆಗೆ ಹೋಗುವವರು ಅದರಲ್ಲೇ ಆಚೆ ದಡಕ್ಕೆ ದಾಟುತ್ತಾರೆ. ಎಂಜಿನ್ನಿನ ಸಾಮಾನು ತರುವ ಕೆಲಸ ನನ್ನದು. ಹೊಲಿಗೆಯ ದಾರ, ಗುಂಡಿ ತರಲು ನಾನು ಹೇಗೂ ಹಗರಿಬೊಮ್ಮನಹಳ್ಳಿಗೆ ಹೋಗಿಬರುತ್ತಿರುತ್ತೇನೆ.

ಹೋದ ಬೇಸಿಗೆಯಲ್ಲಿ ಆಯಿಲ್ ಬದಲಿಸುವಾಗ ಅಂಗಡಿಯಲ್ಲಿ ನಮ್ಮ ಎಂಜಿನ್ನಿನ ಫಿಲ್ಟರ್ ಇರಲಿಲ್ಲ. ಟ್ರ್ಯಾಕ್ಟರಿನದೊಂದನ್ನು ಹಳೆಯದರ ಪಕ್ಕ ಇಟ್ಟು ನೋಡಿದೆ. ಎತ್ತರ, ಬಾಯಿ, ತಿರುಪು ಎಲ್ಲ ಒಂದೇ. ತಂದುಕೊಟ್ಟೆ, ಸಲೀಸಾಗಿ ಕೂತಿತು.

ಮರುದಿನ ಬೆಳಿಗ್ಗೆ ಎಂಜಿನ್ ಶುರು ಮಾಡಿದರೆ ಕಟಕಟ ಸದ್ದು. ಕೂಡಲೇ ಆರಬೇಕಾದ ಆಯಿಲಿನ ಕೆಂಪು ದೀಪ ಸ್ವಲ್ಪ ಹೊತ್ತು ಉರಿದು ಆಮೇಲೆ ಆರಿತು. ಅದರ ಮರುದಿನವೂ ಹಾಗೇ. ಗಂಡ ದೋಣಿ ಕಟ್ಟಿಹಾಕಿ ಮನೆಗೆ ಬಂದರು.

“ಬೇರಿಂಗ್ ಹೋಗ್ಯಾವ ಅನ್ನಿಸ್ತೈತಿ. ಎಂಜಿನ್ ಬಿಚ್ಚಬೇಕು,” ಅಂದರು. ಮುಖ ಸಣ್ಣದಾಗಿತ್ತು.

“ತಡ್ರಿ. ಮೊನ್ನಿ ಬದ್ಲಿ ಮಾಡಿದ್ದು ಆಯಿಲ್ಲು, ಫಿಲ್ಟರ್ ಎರಡ ಅಲ್ಲೇನ್ರಿ? ಆಯಿಲ್ಲು ಯಾವಾಗ್ಲೂ ಹಾಕೋದ ಐತಿ, ಫಿಲ್ಟರ್ ಒಂದ ಬ್ಯಾರೆ,” ಅಂದೆ.

ಎರಡೂ ಫಿಲ್ಟರುಗಳನ್ನು ಚೀಲಕ್ಕೆ ಹಾಕಿಕೊಂಡು ಈ ಸಲ ಕೊಟ್ಟೂರಿಗೆ ಹೋದೆ. ಅಲ್ಲಿನ ಅಂಗಡಿಯವರು ಮೊದಲು ಕೇಳಿದ್ದು, “ಎಂಜಿನ್‌ನಾಗ ಇದು ನೆಟ್ಟಗ ನಿಂದರತೈತೋ, ಅಡ್ಡ ಮಲಗತೈತೋ?”

“ಅಡ್ಡರಿ.”

“ಹಂಗಾದ್ರ ಎರಡರ ಒಳಗೂ ಬೆರಳು ಹಾಕಿ ನೋಡ್ರಿ ಅಕ್ಕಾರ.”

ಹಳೆಯದರ ತೂತುಗಳ ಹಿಂದೆ ಮೆತ್ತನೆಯ ರಬ್ಬರ್ ಪರದೆ ತಾಗಿತು. ಹೊಸದರಲ್ಲಿ ಬರೀ ತಗಡು. ಆ ಪರದೆಯಿಲ್ಲದಿದ್ದರೆ, ಎಂಜಿನ್ ನಿಂತ ಮೇಲೆ ಅಡ್ಡ ಫಿಲ್ಟರಿನ ಆಯಿಲ್ ಕೆಳಗಿಳಿದುಬಿಡುತ್ತದೆ. ಬೆಳಿಗ್ಗೆ ಅದು ಮತ್ತೆ ತುಂಬುವವರೆಗೆ ಎಂಜಿನ್ ಒಣಗಿಯೇ ತಿರುಗುತ್ತದೆ ಎಂದು ಅಂಗಡಿಯವರು ಬಿಡಿಸಿ ಹೇಳಿದರು. ಅವರು ಎಂಜಿನ್ನಿನ ನಂಬರ್ ಕೇಳಿ ದೋಣಿಯದೇ ಫಿಲ್ಟರ್ ಹುಡುಕಿ ಕೊಟ್ಟರು.

“ಬೇರಿಂಗಿಗೆ ಏನರ ಆಗಿರಬಹುದೇನ್ರಿ?”

“ಎರಡು ದಿನಕ್ಕ ಏನಾಗಿರಂಗಿಲ್ಲ. ಹಾಕಿ ನೋಡ್ರಿ.”

ಆದರೂ ಬಸ್ಸಿನಲ್ಲಿ ನನಗೆ ಅದೇ ಚಿಂತೆ. ಸಂಜೆ ಗಂಡ ಹೊಸ ಫಿಲ್ಟರಿನ ಬಾಯಿಯ ಸುತ್ತಲಿನ ರಬ್ಬರ್ ಬಳೆಗೆ ಆಯಿಲ್ ಸವರಿ ಫಿಲ್ಟರ್ ಕೂರಿಸಿದರು. ಬೆಳಿಗ್ಗೆ ನಾನೂ ದಡಕ್ಕೆ ಹೋದೆ. ಎಂಜಿನ್ ಶುರುವಾಯಿತು, ದೀಪ ಕೂಡಲೇ ಆರಿತು. ಅವರು ಎಂಜಿನ್ ನಿಲ್ಲಿಸಿ, ಮತ್ತೊಮ್ಮೆ ಶುರು ಮಾಡಿ ಕಿವಿಗೊಟ್ಟರು.

“ಏನಂತೈತ್ರಿ?”

“ಏನೂ ಅನ್ನವಲ್ದು,” ಎಂದು ನಕ್ಕರು. ನನಗೆ ಅಲ್ಲೇ ಮರಳಿನ ಮೇಲೆ ಕೂತುಬಿಡಬೇಕು ಅನ್ನಿಸುವಷ್ಟು ನಿರಾಳವಾಯಿತು. ಅವರು ಆಗಲೇ ಕಾಯುತ್ತಿದ್ದವರ ಕಡೆ ತಿರುಗಿ, “ಬರ್ರಿ, ಹತ್ರಿ,” ಎಂದು ಕರೆಯುತ್ತಿದ್ದರು.