ಧೋತರಕ್ಕೆ ಚುಚ್ಚಿದ ಹುಲ್ಲು

ನನ್ನ ಹೆಂಡತಿ ನನ್ನ ಮಾತನ್ನು ನಂಬುವುದಿಲ್ಲ, ನನ್ನ ಧೋತರವನ್ನು ನಂಬುತ್ತಾಳೆ. ನನಗೆ ಸಕ್ಕರೆ ಕಾಯಿಲೆಯೆಂದೂ ದಿನಾ ಬೆಳಿಗ್ಗೆ ನಡೆಯಬೇಕೆಂದೂ ಡಾಕ್ಟರು ಹೇಳಿದ ಮೇಲೆ ಶುರುವಾದದ್ದು ಇದು. ಮುರಗೋಡದ ನಮ್ಮ ಮನೆಯಿಂದ ಗಾಯರಾಣಕ್ಕೆ, ಅಂದರೆ ಊರ ದನ ಮೇಯುವ ಹುಲ್ಲುಗಾವಲಿಗೆ ಹೋಗಿಬಂದರೆ, ಧೋತರದ ಅಂಚಿಗೆ ಚೂಪು ಮೂತಿಯ ಹುಲ್ಲಿನ ಬೀಜಗಳು ಚುಚ್ಚಿಕೊಂಡಿರುತ್ತವೆ. ಅವಳು ಕಟ್ಟೆಯ ಮೇಲೆ ಕೂತು ಅವನ್ನು ಆರಿಸುತ್ತ, "ಇವತ್ತ ಭಾಳ ದೂರ ಹೋಗೀರಿ ನೋಡ್ರಿ" ಎಂದು ಸಂತೋಷಪಡುತ್ತಾಳೆ.

ತೊಂದರೆಯೆಂದರೆ, ಗಾಯರಾಣದ ದಾರಿಯಲ್ಲೇ ಬಸ್ ಸ್ಟ್ಯಾಂಡು ಬರುತ್ತದೆ. ಅಲ್ಲಿ ಬೆಳಿಗ್ಗೆಯೇ ಮಿರ್ಚಿ ಭಜಿ ಕರಿಯುತ್ತಾರೆ. ಮುಂದಿನದನ್ನು ನೀವೇ ಊಹಿಸಿಕೊಳ್ಳಿ. ಹೋದ ವರ್ಷ, ನಾನು ನಿಜವಾಗಿಯೂ ಗಾಯರಾಣದವರೆಗೆ ನಡೆದುಹೋದ ಒಂದು ದಿನ, ಹಿಡಿಯಷ್ಟು ಬೀಜ ತಂದು ನಶ್ಯದ ಡಬ್ಬಿಯಲ್ಲಿ ತುಂಬಿಟ್ಟೆ. ಭಜಿ ತಿಂದು, ಬಾಯಿ ಒರೆಸಿಕೊಂಡು, ಧೋತರಕ್ಕೆ ನಾಲ್ಕು ಬೀಜ ಚುಚ್ಚಿಕೊಂಡರೆ ವ್ಯಾಯಾಮ ಮುಗಿಯಿತು.

ನಮ್ಮದು ಪಂಚಾಂಗ ಹೇಳುವ ಮನೆತನ. ಹುಲ್ಲೂ ಪಂಚಾಂಗ ನೋಡಿಯೇ ಬೀಜ ಕಟ್ಟುತ್ತದೆಂದು ನಾನು ತಿಳಿದಿದ್ದೆ. ಹಸ್ತಾ ಮಳೆ ಬಂತು, ದಸರೆ ಬಂತು, ಇನ್ನು ಬೀಜದ ಕಾಲ ಎಂದುಕೊಂಡು ಈ ಸಲವೂ ಡಬ್ಬಿ ತೆಗೆದೆ.

ಅವಳು ಧೋತರದಿಂದ ಒಂದು ಬೀಜ ಕಿತ್ತು ನೋಡಿದಳು. "ಅಲ್ರೀ, ಇವು ಎಲ್ಲಿ ಸಿಕ್ಕವು ನಿಮಗ?"

"ಎಲ್ಲಿ ಅಂದ್ರ? ಗಾಯರಾಣದಾಗ."

"ಅಲ್ಲಿ ಹುಲ್ಲು ಶ್ರಾವಣದಾಗನ ಬೀಜ ಉದುರಿಸಿ ಕುಂತದ. ಈಗ ಬರೇ ಎಳೀ ಚಿಗರದ. ನಿನ್ನೆ ಮಳಿ ಬಂತಂತ ಛತ್ರಿ ತಗೊಂಡು ಬಂದಿದ್ದೆ ನಾನು. ಎಲ್ಲಿ ತಲಿ ತಿರುಗಿ ಬಿದ್ದೀರೋ ಅಂತ ಗಾಯರಾಣೆಲ್ಲಾ ಹುಡುಕೇನಿ."

ಅವಳ ಕಣ್ಣುಗಳು ತುಂಬಿದ್ದವು. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಈ ವರ್ಷ ಮಳೆ ಕಾರಹುಣ್ಣಿಮೆಗೆ ಮೊದಲೇ ಸುರಿದು, ಶ್ರಾವಣದಲ್ಲಿ ಮುಖ ತೋರಿಸಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದನ್ನು ನಾವು ಹೇಳುತ್ತೇವೆ, ಹುಲ್ಲು ಮಾಡುತ್ತದೆ. ಇನ್ನು ನೀರಿಲ್ಲವೆಂದು ತಿಳಿದದ್ದೇ, ಮೊಣಕಾಲೆತ್ತರ ಬೆಳೆಯಬೇಕಾದದ್ದು ಗೇಣುದ್ದಕ್ಕೇ ನಿಂತು, ಅವಸರದಲ್ಲಿ ಬೀಜ ಕಟ್ಟಿ ಉದುರಿಸಿತು. ಖಾಲಿ ಬಿದ್ದಲ್ಲೆಲ್ಲ ದನ ಮೂಸಿಯೂ ನೋಡದ ಕಾಂಗ್ರೆಸ್ ಕಸ ಬಂದು ಕೂತಿತು. ದನ ಸಾಕಿದವರಿಗೆ ಇದು ನಗುವ ಮಾತಲ್ಲ. ಹಸ್ತಾ ಮಳೆ ಬಿದ್ದಾಗ ಹುಲ್ಲು ಮತ್ತೆ ಚಿಗುರಿತು. ಇಷ್ಟೆಲ್ಲ ನಡೆಯುವಾಗ ನಾನು ಬಸ್ ಸ್ಟ್ಯಾಂಡಿನಲ್ಲಿದ್ದೆ.

ಈಗ ಅವಳೂ ನನ್ನ ಜೊತೆ ನಡೆಯುತ್ತಾಳೆ. ಬಸ್ ಸ್ಟ್ಯಾಂಡು ಬಂದರೆ ಭಜಿ ಅಂಗಡಿ ನನ್ನ ಕಣ್ಣಿಗೆ ಬೀಳದಂತೆ ಆ ಮಗ್ಗುಲಿಗೆ ತಾನು ಬರುತ್ತಾಳೆ. ಪಂಚಾಂಗದಲ್ಲಿಲ್ಲದ ಹೊತ್ತಿನಲ್ಲಿ, ಸಂಕ್ರಾಂತಿಯ ಸುಮಾರಿಗೆ, ಗಾಯರಾಣದ ಹುಲ್ಲು ಎರಡನೆಯ ಸಲ ಬೀಜ ಕಟ್ಟಿತು. ಮೊನ್ನೆ ಕಟ್ಟೆಯ ಮೇಲೆ ಕೂತು, ಅವಳ ಸೀರೆಯ ಅಂಚಿನ ಬೀಜಗಳನ್ನು ನಾನು ಆರಿಸಿದೆ. ಹಳೆಯ ಚಾಳಿ ನೋಡಿ, ಅವಳು ಒಳಗೆ ಹೋದದ್ದೇ ಒಂದಿಷ್ಟನ್ನು ಎತ್ತಿಡೋಣವೆಂದು ಮೆಲ್ಲಗೆ ನಶ್ಯದ ಡಬ್ಬಿ ತೆರೆದೆ.

ಡಬ್ಬಿಯ ತುಂಬ ಮೆಂತ್ಯೆ ಕಾಳು ತುಂಬಿಟ್ಟಿದ್ದಳು.