ದೊಡ್ಡಮ್ಮನ ಕಾಲಿಗೆ ರಜೆ

"ಅಮ್ಮಾ, ಟೈಲರಜ್ಜಿ ಕೂತ್ಕೊಂಡೇ ಎಲ್ಲಿಗೆ ನಡೀತಾರೆ?"

ಮೇಲಿನ ಮನೆಯ ಪುಟ್ಟಿ ಅಮ್ಮನ ಜೊತೆ ಫ್ರಾಕಿನ ಅಳತೆ ಕೊಡಲು ಬಂದವಳು ಹೀಗೆ ಕೇಳಿದಾಗ, ಬೀದಿಗೆಲ್ಲ ದೊಡ್ಡಮ್ಮನೇ ಆಗಿದ್ದ ಆ ಟೈಲರಜ್ಜಿ ಥಟ್ಟನೆ ಬಗ್ಗಿ ನೋಡಿಕೊಂಡರು. ಕೂತಿದ್ದು ಮಂಚದ ಮೇಲೆ, ಕೈಯಲ್ಲಿದ್ದದ್ದು ಬರೀ ಸೂಜಿ ದಾರ. ಪಾದಗಳು ಮಾತ್ರ ಅಲ್ಲಿಲ್ಲದ ಪೆಡಲನ್ನು ತುಳಿಯುತ್ತಲೇ ಇದ್ದವು.

"ಕೆಟ್ಟ ಚಾಳಿ ಕಣೇ ಇದು," ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಮೊಣಕಾಲು ಊದಿಕೊಂಡಿತ್ತು. ಇನ್ನು ತುಳಿಯುವ ಮಿಷನ್ ಮುಟ್ಟಲೇಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕಾಲು ಬೇಡದ ಮಿಷನ್ ಸಿಗಬೇಕು, ಇಲ್ಲವೇ ಕತ್ತರಿ ಎತ್ತಿಡಬೇಕು. ಹೊಲಿಗೆ ಬಿಟ್ಟು ಕೂರುವುದೆಂದರೆ ಅವರಿಗೆ ಉಸಿರು ಬಿಗಿಹಿಡಿದು ಕೂತ ಹಾಗೆ.

"ಕಂಪ್ಯೂಟರ್ ಮಿಷನ್ ಬಂದಿದೆಯಂತಲ್ಲ, ಗುಂಡಿ ಒತ್ತಿದ್ರೆ ಸಾಕಂತೆ," ಎಂದಳು ಪುಟ್ಟಿಯ ಅಮ್ಮ. "ನಾಳೆ ನೋಡ್ಕೊಂಡು ಬರೋಣ."

"ಈ ವಯಸ್ಸಲ್ಲಿ ನಂಗೆ ಕಂಪ್ಯೂಟರ್ ಕಲಿಸ್ತೀಯಾ?"

"ನನ್ನ ಗಂಡನಿಗೇ ವಾಷಿಂಗ್ ಮಿಷನ್ ಕಲಿಸಿದೀನಿ. ನೀವ್ಯಾವ ಲೆಕ್ಕ ದೊಡ್ಡಮ್ಮ!"

ಮರುದಿನ ಮಿಷನ್ ಅಂಗಡಿಯವನಿಗೆ ಉತ್ಸಾಹವೋ ಉತ್ಸಾಹ. ಅಂಗಡಿಯ ಅತಿ ದೊಡ್ಡ ಮಿಷನ್ನಿನ ಮುಂದೆ ಕೂತು ಬಾತುಕೋಳಿ ಸಾಲು, ಹೂಬಳ್ಳಿ, ಅಕ್ಷರಮಾಲೆ, ಎಲ್ಲವನ್ನೂ ಗರಿಗರಿ ಬಟ್ಟೆಯ ಮೇಲೆ ಹೊಲಿದು ತೋರಿಸಿದ. ದೊಡ್ಡಮ್ಮ ತಮ್ಮ ಚೀಲ ಬಿಚ್ಚಿದರು. ಜೀನ್ಸ್ ಪ್ಯಾಂಟಿನ ಕಾಲಂಚು, ಜಾರುವ ರೇಷ್ಮೆಯ ಚೂರು, ಎಳೆದರೆ ಹಿಗ್ಗುವ ಬನಿಯನ್ ಬಟ್ಟೆ ಹೊರಗೆ ಬಂದವು.

"ಬಾತುಕೋಳಿ ಇರ್ಲಿ ಬಿಡಪ್ಪ. ಇವನ್ನ ಹೊಲಿಯತ್ತಾ?"

ಕುರ್ಚಿ ಎಳೆದುಕೊಂಡು ಕೂತರು. ಗುಂಡಿ ಒತ್ತಿದರು. ಮಿಷನ್ ಕುಂಯ್ ಎಂದು ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದರು, ಮತ್ತೆ ಕುಂಯ್. ಪುಟ್ಟ ಪರದೆಯ ಮೇಲೆ ಪೆಡಲಿನ ಚಿತ್ರ ಮಿನುಗುತ್ತಿತ್ತು. ದೊಡ್ಡಮ್ಮ ಕುರ್ಚಿ ಹಿಂದಕ್ಕೆ ತಳ್ಳಿದರು.

"ನೋಡಿದ್ಯಾ, ಇದೂ ಕಾಲೇ ಕೇಳ್ತಿದೆ. ನಡಿ, ಹೋಗೋಣ."

ಪುಟ್ಟಿಯ ಅಮ್ಮ ಮೇಜಿನ ಕೆಳಗೆ ಇಣುಕಿದಳು. ಅಂಗಡಿಯವನು ಆಗಷ್ಟೇ ಒತ್ತುತ್ತಿದ್ದ ಕಾಲ್ಪೆಡಲಿನ ವೈರು ಮಿಷನ್ನಿಗೆ ಸಿಕ್ಕಿಸಿದ ಹಾಗೇ ಇತ್ತು.

"ಅಯ್ಯೋ, ತೆಗೆಯೋದೇ ಮರೆತೆ! ಅದಿದ್ರೆ ಗುಂಡಿ ಕೆಲಸ ಮಾಡಲ್ಲಮ್ಮ," ಎಂದು ಅವನು ನಾಲಿಗೆ ಕಚ್ಚಿಕೊಂಡು ವೈರು ಕಿತ್ತ.

ಈಗ ಸೂಜಿ ಓಡಿತು. ವೇಗದ ಕಡ್ಡಿಯನ್ನು ಎಡಕ್ಕೆ ಸರಿಸಿದರೆ ಆಮೆ, ಬಲಕ್ಕೆ ಸರಿಸಿದರೆ ಕುದುರೆ. ರೇಷ್ಮೆ ಸುಕ್ಕಾಗಲಿಲ್ಲ, ಬನಿಯನ್ ಬಟ್ಟೆ ಸೊಟ್ಟಗಾಗಲಿಲ್ಲ. ಆದರೆ ಜೀನ್ಸಿನ ದಪ್ಪ ಮಡಿಕೆ ಬಂದಲ್ಲಿ ದೊಡ್ಡ ಮಿಷನ್ ಮುಗ್ಗರಿಸಿತು. ಪಕ್ಕದಲ್ಲಿ ಗುಂಡಿಯಲ್ಲೇ ಓಡುವ ಚಿಕ್ಕದೊಂದಿತ್ತು, ಬಾತುಕೋಳಿಯ ಗಂಧಗಾಳಿಯೂ ಇಲ್ಲದ್ದು. ಅದು ಮಡಿಕೆಯ ದಿಬ್ಬವನ್ನು ಟಕಟಕನೆ ಹತ್ತಿ ಇಳಿದುಬಿಟ್ಟಿತು. ದೊಡ್ಡಮ್ಮ ಅದರ ಬೆನ್ನು ತಟ್ಟಿದರು.

"ಇದೇ ಸಾಕು. ಕಟ್ಟಿಕೊಡಪ್ಪ."

ಪುಟ್ಟಿಯ ಫ್ರಾಕೇ ಅದರಲ್ಲಿ ಹೊಲಿದ ಮೊದಲ ಬಟ್ಟೆ. ಅದನ್ನು ಒಯ್ಯಲು ಬಂದ ಪುಟ್ಟಿಯ ಅಮ್ಮನನ್ನು ದೊಡ್ಡಮ್ಮ ಬಾಗಿಲಲ್ಲೇ ತಡೆದರು.

"ಒಂದು ಉಪಕಾರ ಮಾಡ್ತೀಯಾ? ನನ್ನ ಹಳೇ ಮಿಷನ್ನ ನಿಮ್ಮನೇಲಿ ಇಟ್ಕೋ. ಬೆಳಿಗ್ಗೆ ಅದರ ಧೂಳು ಒರೆಸೋಕೆ ಹೋದವಳು ಕೂತು ತುಳಿದೇಬಿಟ್ಟೆ ಕಣೇ. ಪುಟ್ಟಿ ಅದರ ಮೇಲೆ ಪುಸ್ತಕ ಇಟ್ಕೊಂಡು ಓದ್ಲಿ. ನಾನೇ ಬಂದು ವಾಪಸ್ ಕೇಳಿದ್ರೂ ಕೊಡ್ಬೇಡ, ಆಯ್ತಾ?"