ಒಂದೇ ಅರಿವೆಯ ಬುತ್ತಿ

ಬೈಲಹೊಂಗಲದ ನಮ್ಮ ಓಣಿಗೆ ಬಂದರೆ ತಮ್ಮನ ಸಾಲೆಯ ಸ್ಕೌಟ್ ಮಾಸ್ತರರು ಕಟ್ಟೆಯ ಮೇಲೆ ಶೇಂಗಾ ಸುರುವಿಕೊಂಡು ಕೂರುತ್ತಿದ್ದರು. ತಂಬಿಗೆಯೇ ಹೂಲಿಯ ಗುಡ್ಡ, ಶೇಂಗಾ ಕಾಳುಗಳೇ ಹುಡುಗರು. ಗುಡ್ಡದಲ್ಲಿ ಎರಡು ದಿನ ಇರಬೇಕಾದರೆ ನೀರು ಎಲ್ಲಿ, ಮಲಗುವುದು ಎಲ್ಲಿ ಎಂದು ಕಾಳು ಸರಿಸಿ ನನ್ನ ತಮ್ಮನಿಗೆ ತೋರಿಸುವರು. ಕೊನೆಗೆ ಎಲ್ಲವನ್ನೂ ಬಾಚಿ ಅರಿವೆಯಲ್ಲಿ ಕಟ್ಟಿ, "ಎಲ್ಲಾರ ಬುತ್ತಿ ಒಂದ ಅರಿವ್ಯಾಗ," ಎನ್ನುವರು.

ನಾನು ಮೂರನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಅವ್ವ ಹೋದ ಮೇಲೆ ತಮ್ಮನನ್ನು ಸಾಕಿದವಳು. ನಮ್ಮವರು ಮುಟ್ಟಿಸಿಕೊಳ್ಳದ ಹೊರಕೇರಿಯ ಹುಡುಗರ ರೊಟ್ಟಿಯೂ ಅದೇ ಅರಿವೆಯಲ್ಲಿರುತ್ತದೆಂದು ತಿಳಿದಾಗ, ಇವನನ್ನು ಕಳಿಸಬಾರದೆಂದುಕೊಂಡೆ.

ಹೊರಡುವ ಮುಂಜಾನೆ ಅವರು ಕರೆಯಲು ಬಂದಾಗ, "ಇವಗ ಜ್ವರ ಬಂದಾವ್ರಿ," ಎಂದೆ. ತಮ್ಮ ಚೀಲ ಹೆಗಲಿಗೇರಿಸಿ ಪಕ್ಕದಲ್ಲೇ ನಿಂತಿದ್ದ. ಮಾಸ್ತರರು ಅವನ ಹಣೆ ಮುಟ್ಟಿದರು, ನನ್ನ ಮುಖ ನೋಡಿದರು. "ಹೌದಪಾ, ಮೈ ಸುಡಾಕತ್ತೈತಿ. ಅಕ್ಕನ ಮಾತ ಕೇಳು, ಮಲಕ್ಕೋ."

ಮರುದಿನ ಸಂಜೆ ಗುಡ್ಡದಿಂದ ನೇರ ನಮ್ಮ ಮನೆಗೇ ಬಂದರು. "ನಿನ್ನ ಪಾಲು ತಗದಿಟ್ಟಿದ್ನಿ," ಎಂದು ಅರಿವೆ ಬಿಚ್ಚಿ ತಮ್ಮನಿಗೆ ಒಂದು ಕಟಕ ರೊಟ್ಟಿ ಕೊಟ್ಟರು. ಅವನು ಅರ್ಧ ತಿಂದು ಉಳಿದದ್ದನ್ನು ನನ್ನತ್ತ ಚಾಚಿದ. "ಅಕ್ಕಾ, ನೀನೂ ತಿನ್ನ."

"ಇವತ್ತ ನನ್ನ ಉಪವಾಸ," ಎಂದೆ. ಊಟ ಅರ್ಧಕ್ಕೆ ಬಿಟ್ಟೆದ್ದ ನನ್ನ ಗಂಗಾಳ ಅಲ್ಲೇ ಇತ್ತು.

ಮಾಸ್ತರರು ಗಂಗಾಳವನ್ನು ನೋಡಿದರು. "ಹೌದವಾ, ಉಪವಾಸ. ನಾಳಿ ತಿನ್ನು, ಕಟಕ ರೊಟ್ಟಿ ಕೆಡೂದಿಲ್ಲ," ಎಂದು ಆ ತುಂಡನ್ನು ಅರಿವೆಯಲ್ಲಿ ಕಟ್ಟಿ ಬಾಗಿಲ ಗೂಟಕ್ಕೆ ತೂಗುಹಾಕಿ ಹೋದರು.

ಮರುದಿನ ಅದನ್ನು ಎಮ್ಮೆಗೆ ಹಾಕಿದೆ. ತಮ್ಮ ಹತ್ತಿರವೇ ನಿಂತು ನೋಡಿದ.